ಹತ್ತರಾಚೆಯ ಎಣಿಕೆ

ಲಿಫ್ಟಿನ ಬಾಗಿಲು ಮುಚ್ಚಿಕೊಳ್ಳಲು ನಾಲ್ಕು ಬೆರಳು ಉಳಿದಿರುವಾಗ ಒಮ್ಮೆ ತಡವರಿಸಿತು, ಹಿಂದೆ ಸರಿಯಿತು, ಮತ್ತೆ ಮನಸ್ಸು ಮಾಡಿದಂತೆ ಮುಚ್ಚಿಕೊಂಡಿತು. ಬೆಲ್ಟು ಸಡಿಲವಾಗಿದೆ, ಎಂದುಕೊಂಡ ಅವನು. ಎರಡು ನಟ್ಟು ಬಿಗಿದರೆ ಮುಗಿಯುವ ಕೆಲಸ. ಯಾವನೋ ಸೋಮಾರಿ ತಿಂಗಳು ತಿಂಗಳೂ ಬಂದು ನೋಡಿಯೂ ನೋಡದವನ ಹಾಗೆ ಕಾರ್ಡಿಗೆ ಸಹಿ ಗೀಚಿ ಹೋಗಿದ್ದಾನೆ. ಹದಿನೇಳು ವರ್ಷ ಲಿಫ್ಟು ರಿಪೇರಿ ಮಾಡಿದವನಿಗೆ ಯಾವ ಲಿಫ್ಟಿನಲ್ಲೂ ಸುಮ್ಮನೆ ನಿಲ್ಲಲು ಬರುವುದಿಲ್ಲ. ಕಿವಿ ತಾನಾಗಿ ಹಗ್ಗದ ಕಡೆ ಹೋಗುತ್ತದೆ, ಪಾದ ತಾನಾಗಿ ನೆಲದ ನಡುಕ ಅಳೆಯುತ್ತದೆ. ಇವತ್ತೊಂದು ದಿನ ಹಾಗಾಗಬಾರದು. ಇವತ್ತು ಅವನು ಲಿಫ್ಟಿನವನಲ್ಲ, ಮಗುವಿನ ತಂದೆ. ಬೆಳಗ್ಗೆ ಸೀಮೆಎಣ್ಣೆಯಲ್ಲಿ ಅದ್ದಿದ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಗುರು ಉಜ್ಜಿಕೊಂಡಿದ್ದ. ಆದರೂ ಉಗುರಿನ ಬುಡದಲ್ಲಿ ಕಪ್ಪು ಗೆರೆ ಹಾಗೆಯೇ ಇತ್ತು. ಕೈಯನ್ನು ಪ್ಯಾಂಟಿನ ಜೇಬಿಗೆ ತುರುಕಿದ. ಇನ್ನೊಂದು ಕೈಯಲ್ಲಿ ಮಗಳ ಕೈ ಇತ್ತು, ಕಂಕುಳಲ್ಲಿ ನೀಲಿ ರಟ್ಟಿನ ಉದ್ದನೆಯ ಪುಸ್ತಕ.

'ಎಣಿಸ್ಲಾ ಅಪ್ಪಾ?' ಎಂದಳು ಮಗಳು. ಅವಳಿಗೆ ಏಳು ವರ್ಷ. ತಲೆಯೆತ್ತಿ ಬಾಗಿಲ ಮೇಲಿನ ಕೆಂಪು ಅಂಕಿಗಳನ್ನೇ ನೋಡುತ್ತಿದ್ದಳು. 'ಎಣಿಸು ಮರೀ, ಎಣಿಸು, ನಾಲಿಗೆ ಸಡಿಲ ಆಗ್ಲಿ,' ಎಂದ. ಯೀ, ಎಂದಳು ಮಗಳು ಒಂದನೇ ಮಹಡಿಗೆ. ಅರ್. ಸಾನ್. ಒಂದೊಂದು ಅಂಕಿಗೂ ಒಂದೊಂದು ರಾಗ, ಒಂದು ಮೇಲಕ್ಕೇರಿದರೆ ಇನ್ನೊಂದು ಬಾವಿಗೆ ಕಲ್ಲು ಹಾಕಿದ ಹಾಗೆ ಕೆಳಗಿಳಿಯುತ್ತಿತ್ತು. ಹತ್ತರವರೆಗೆ ಅವನಿಗೂ ಬಾಯಿಪಾಠ. ಹಿಂದಿನ ಊರಿನ ಕಟ್ಟಡಕ್ಕೆ ಇದ್ದದ್ದೇ ಹತ್ತು ಮಹಡಿ, ಅಲ್ಲಿಯ ಲಿಫ್ಟಿನಲ್ಲೇ ಅವಳು ಅವನಿಗೆ ಆ ಚೀನೀ ಎಣಿಕೆ ಕಲಿಸಿದ್ದು. ಇಲ್ಲಿ ಶಾಲೆ ಇರುವುದು ಹದಿನಾರನೆಯದರಲ್ಲಿ. ಹತ್ತು ದಾಟಿತು. ಹನ್ನೊಂದರ ಅಂಕಿ ಹೊತ್ತಿಕೊಂಡಾಗ ಮಗಳು ಒಂದು ಕ್ಷಣ ಅವನ ಮುಖ ನೋಡಿದಳು. 'ಲಂಗ್ಯಾ,' ಎಂದಳು. ಹನ್ನೆರಡಕ್ಕೆ 'ತೋಮು'. ಆಮೇಲೆ ಮತ್ತೆ ನಾಲ್ಕು ಹೊಸ ಮಾತು, ಒಂದೂ ನಿಲ್ಲದೆ. ಅವನ ಎದೆ ಉಬ್ಬಿತು. 'ಎಲಾ! ಇದನ್ನೆಲ್ಲ ಯಾವಾಗ ಕಲ್ತೆ? ಇಳಿಯೋವಾಗ ಬರ್ಕೋತೀನಿ, ನೆನಪು ಮಾಡು,' ಎಂದ. ಲಿಫ್ಟು ನೆಲಕ್ಕಿಂತ ಅರ್ಧ ಬೆರಳು ಕೆಳಗೇ ನಿಂತಿತು. ಮಗಳು ಎಡವಿದಳು. ಬಂದ ಬೈಗುಳವನ್ನು ಅವನು ನುಂಗಿಕೊಂಡ.

ಒಂಬತ್ತು ತಿಂಗಳಾಯಿತು ಈ ಊರಿಗೆ ಬಂದು. ಬಂದದ್ದು ಎನ್ನುವುದಕ್ಕಿಂತ ಹಿಂದಿನ ಊರು ಉಗಿದು ಕಳಿಸಿತು ಎನ್ನುವುದೇ ಸರಿ. ಆ ಹತ್ತು ಮಹಡಿಯ ಕಟ್ಟಡದ ಕೆಳಗಿನ ಎರಡು ಮಹಡಿಯಲ್ಲಿ ಒಂದು ಶಾಲೆ ಇತ್ತು, ಬೆಳಗಿನಿಂದ ಸಂಜೆಯವರೆಗೆ ಚೀನೀ ಭಾಷೆಯೊಂದರಲ್ಲೇ ಮಕ್ಕಳನ್ನು ಮುಳುಗಿಸಿ ತೆಗೆಯುವ ಶಾಲೆ. ಕಟ್ಟಡದ ಕೆಲಸಗಾರರ ಮಕ್ಕಳಿಗೆ ವರ್ಷಕ್ಕೆ ಒಂದು ಸೀಟು ಎಂದು ಕರಾರಿನಲ್ಲಿ ಎಲ್ಲೋ ಬರೆದಿತ್ತು. ಯಾರೂ ಕೇಳಿರಲಿಲ್ಲ, ಇವನು ಕೇಳಿದ. 'ಮುಳುಗಿಸೋ ಶಾಲೆಗೆ ಹಾಕ್ತೀಯಲ್ಲ, ಎತ್ತೋರು ಯಾರು? ನಿನಗೆ ಬರತ್ತಾ, ನನಗೆ ಬರತ್ತಾ?' ಎಂದು ಹೆಂಡತಿ ನಕ್ಕಿದ್ದಳು. ಅವಳು ಬಟ್ಟೆ ಅಂಗಡಿಯಲ್ಲಿ ಪ್ಯಾಂಟು ಗಿಡ್ಡ ಮಾಡುವ ಕೆಲಸದವಳು, ಯಾವುದನ್ನೇ ಆಗಲಿ ಅಳತೆ ಹಿಡಿದೇ ನೋಡುವವಳು. ಆದರೆ ಮೂರು ತಿಂಗಳಲ್ಲಿ ಮಗು ಕಿಟಕಿ, ನೀರು, ಚಪ್ಪಲಿಗೆಲ್ಲ ಬೇರೆ ಹೆಸರು ಹೇಳತೊಡಗಿದಾಗ ಅವನಿಗೆ ಆದದ್ದನ್ನು ಏನೆಂದು ಹೇಳುವುದು? ಆ ಊರಿನ ಸಾಹೇಬರಿಗೂ, ಅವರ ಮಕ್ಕಳಿಗೂ ಬಾರದ್ದು ತನ್ನ ಮನೆಯ ಅಡುಗೆಕೋಣೆಯಲ್ಲಿ ಓಡಾಡುತ್ತಿದೆ. ಕಂಪನಿಯ ನೀಲಿ ರಟ್ಟಿನ ಹಳೆಯ ಸರ್ವಿಸ್ ಪುಸ್ತಕವೊಂದು ಖಾಲಿ ಇತ್ತು. ಅದರ ಪುಟದಲ್ಲಿ ಮೂರು ಕಾಲಂಗಳು: ತಾರೀಖು, ದೂರು, ಮಾಡಿದ ಕೆಲಸ. ದೂರಿನ ಕೆಳಗೆ 'ನೀರು' ಎಂದು ಬರೆದ, ಮಾಡಿದ ಕೆಲಸದ ಕೆಳಗೆ ಮಗಳು ಹೇಳಿದ್ದನ್ನು ಕನ್ನಡದಲ್ಲೇ ಬರೆದ, ಶ್ವೇ. ತಾರೀಖು ಹಾಕದೆ ಯಾವ ಸಾಲನ್ನೂ ಬಿಡಬಾರದು ಎಂದು ಅವನ ಗುರು ತಲೆಗೆ ಮೊಟಕಿ ಕಲಿಸಿದ್ದ. ನಾಳೆ ಲಿಫ್ಟು ಬಿದ್ದರೆ ಯಾವತ್ತಿನಿಂದ ಕೆಟ್ಟಿತ್ತು ಎಂದು ಹೇಳುವುದು ಪುಸ್ತಕವೇ ತಾನೇ. ಹಾಗಾಗಿ ದಿನವೂ ಸಂಜೆ ಕೈಕಾಲು ತೊಳೆದು ಕುಳಿತ ಕೂಡಲೇ ಮೊದಲು ತಾರೀಖು, ಆಮೇಲೆ 'ಇವತ್ತು ಹೊಸದೇನು ಮರೀ?'

ಕಟ್ಟಡದ ಮ್ಯಾನೇಜರು ಒಂದು ದಿನ ಇಬ್ಬರು ಅತಿಥಿಗಳನ್ನು ಕರೆದುಕೊಂಡು ಲಿಫ್ಟಿಗೆ ಬಂದ. ಒಳಗೆ ಇವನಿದ್ದ, ಶಾಲೆ ಮುಗಿಸಿದ ಮಗಳಿದ್ದಳು. ಮಗಳು ತಲೆಬಾಗಿ ಆ ಭಾಷೆಯಲ್ಲಿ ನಮಸ್ಕಾರ ಹೇಳಿದಳು. 'ನೋಡಿ ಸಾರ್, ನಮ್ಮ ಲಿಫ್ಟಿನವನ ಮಗಳು. ಇನ್ಮೇಲೆ ಲಿಫ್ಟು ಕೆಟ್ಟರೆ ಇವನನ್ನ ಕರೆಯೋದೇ ಬೇಡ, ಇವಳ ಕೈಲೇ ಚೀನಾಕ್ಕೆ ಫೋನ್ ಮಾಡಿಸಿ ಸ್ಪೇರು ತರಿಸಬಹುದು,' ಎಂದ ಮ್ಯಾನೇಜರು. ಅತಿಥಿಗಳು ನಕ್ಕರು. ಅಷ್ಟಾಗಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ಎಲ್ಲರೂ ನಗುತ್ತಿದ್ದಾರೆಂದು ಮಗಳೂ ನಕ್ಕಳು. ಏಳನೇ ಮಹಡಿಗೂ ಎಂಟನೆಯದಕ್ಕೂ ನಡುವೆ ಅವನ ಕೈ ಮ್ಯಾನೇಜರನ ಕೆನ್ನೆಗೆ ಬಿತ್ತು. ಆ ಶಬ್ದ ಸ್ಟೀಲಿನ ಗೋಡೆಗಳಿಗೆ ತಗುಲಿ ದೊಡ್ಡದಾಗಿ ಕೇಳಿಸಿತು. ಕೆಲಸ ಹೋಯಿತು, ಕೆಲಸದ ಜೊತೆ ಸೀಟು ಹೋಯಿತು. ಹೆಂಡತಿಯ ಅಣ್ಣ ಈ ಊರಿನಲ್ಲಿ ಒಂದು ಸಣ್ಣ ಕಂಪನಿಗೆ ಸೇರಿಸಿದ. ಗಂಟು ಮೂಟೆ ಕಟ್ಟುವಾಗ ಹೆಂಡತಿ ಒಂದೇ ಮಾತು ಹೇಳಿದ್ದಳು: 'ಹೊಡೆದದ್ದು ಅವನಿಗೆ. ಬಿದ್ದದ್ದು ಯಾರಿಗೆ ಅಂತ ನೋಡ್ಕೋ.'

ಅವತ್ತಿನಿಂದ ಹುಡುಕುತ್ತಿದ್ದಾನೆ. ಮೊದಲು ಸಿಕ್ಕಿದ್ದು ಚಪ್ಪಲಿ ಅಂಗಡಿಯ ಮೇಲಿನ ಒಂದು ಕೋಣೆ, ಶನಿವಾರ ಮಾತ್ರ ಎರಡು ಗಂಟೆ. ಟೀವಿಯಲ್ಲೊಬ್ಬಳು ಮಾತಾಡುತ್ತಿದ್ದಳು, ಮಕ್ಕಳು ಒಬ್ಬರನ್ನೊಬ್ಬರು ಚಿವುಟುತ್ತಿದ್ದರು. ಎರಡನೆಯದಕ್ಕೆ ಬೋರ್ಡು ಇತ್ತು, ಬಾಗಿಲಿಗೆ ಬೀಗ ಇತ್ತು, ಬೀಗಕ್ಕೆ ಜೇಡರ ಬಲೆ ಇತ್ತು. ಮೂರನೆಯದು ಇದು. ಆರು ಸಲ ಫೋನ್ ಮಾಡಿದ ಮೇಲೆ ಆಫೀಸಿನ ಹೆಂಗಸು, ಎರಡನೇ ತರಗತಿಯಲ್ಲಿ ಒಂದು ಮಗು ಬಿಟ್ಟುಹೋಗಿದೆ, ಬುಧವಾರ ಹನ್ನೊಂದಕ್ಕೆ ಕರೆದುಕೊಂಡು ಬನ್ನಿ, ಎಂದಳು. 'ಮನೇಲಿ ಯಾರು ಆ ಭಾಷೆ ಮಾತಾಡ್ತಾರೆ?' ಎಂದು ಕೇಳಿದಳು. 'ಮಗಳು.' 'ಅವಳನ್ನ ಬಿಟ್ಟು?' 'ಅವಳೇ.' ಆ ಕಡೆ ಪೆನ್ನು ಏನನ್ನೋ ಗೀಚಿದ ಸದ್ದಾಗಿತ್ತು.

ಈಗ ಆ ಹೆಂಗಸೇ ಮೇಜಿನ ಹಿಂದೆ ಕುಳಿತಿದ್ದಳು. ಅವಳ ಪಕ್ಕದ ಬಾಗಿಲಲ್ಲಿ ನೆಲದ ಮೇಲೆ ಒಂದು ಕೆಂಪು ಪಟ್ಟಿ ಅಂಟಿಸಿತ್ತು. 'ಈ ಗೆರೆ ದಾಟಿದ್ಮೇಲೆ ನಮ್ಮ ಮಾತು ಆಡೋ ಹಾಗಿಲ್ಲ, ಯಾರೂ. ಬೆಂಕಿ ಬಿದ್ದರೂ ಅದೇ ಭಾಷೆಯಲ್ಲೇ ಕೂಗಬೇಕು,' ಎಂದು ನಕ್ಕಳು. ಅವನು ನಗಲಿಲ್ಲ. ಹಿಂದಿನ ಶಾಲೆಯಲ್ಲೂ ಇಂಥದೇ ಗೆರೆ ಇತ್ತು, ಅಲ್ಲಿಯದು ಹಳದಿ. ಸಂಜೆ ಅದರ ಈಚೆ ನಿಂತು ಮಗಳನ್ನು ಸನ್ನೆ ಮಾಡಿ ಕರೆಯುತ್ತಿದ್ದ. ಅವಳು ಗೆರೆಯ ತನಕ ಆ ಭಾಷೆಯಲ್ಲಿ ಗೆಳತಿಯರ ಜೊತೆ ವಟಗುಟ್ಟುತ್ತಾ ಬಂದು, ಗೆರೆ ದಾಟಿದ್ದೇ 'ಅಪ್ಪಾ ಹಸಿವು' ಎನ್ನುತ್ತಿದ್ದಳು. ಟೀಚರು ಬಂದರು. ಐವತ್ತರ ಆಸುಪಾಸಿನ, ಬೂದು ಸ್ವೆಟರಿನ ಸಣ್ಣ ಹೆಂಗಸು. ಗೆರೆಯ ಆಚೆಯಿಂದಲೇ ಮಗಳನ್ನು ನೋಡಿ ಏನೋ ಹೇಳಿದರು. ಮಗಳು ತಲೆಬಾಗಿ ನಮಸ್ಕಾರ ಹೇಳಿದಳು, ಆಮೇಲೆ ತಿರುಗಿ ಅವನನ್ನು ನೋಡಿದಳು. ಹೋಗು, ಎಂದು ಗದ್ದ ಎತ್ತಿದ. ಅವಳ ಕೈ ಅವನ ಕೈಯಿಂದ ಬಿಡಿಸಿಕೊಳ್ಳಲಿಲ್ಲ, ಅವನೇ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಪುಸ್ತಕವನ್ನು ಟೀಚರ ಕಡೆ ಚಾಚಿ, 'ಇದನ್ನೂ ನೋಡಿ ಮೇಡಂ, ಎಲ್ಲ ಇದರಲ್ಲಿದೆ, ಎರಡೂಮುಕ್ಕಾಲು ವರ್ಷದ್ದು,' ಎಂದ. ಟೀಚರು ಬಾಯಿಗೆ ಬೆರಳಿಟ್ಟು, ಕಣ್ಣಲ್ಲೇ ಕ್ಷಮೆ ಕೇಳಿ, ಪುಸ್ತಕ ತೆಗೆದುಕೊಂಡು ಬಾಗಿಲು ಮುಚ್ಚಿದರು.

ಕುಳಿತುಕೊಳ್ಳಲು ಅಲ್ಲಿ ಮಕ್ಕಳ ಅಳತೆಯ ಕುರ್ಚಿಗಳೇ ಇದ್ದವು. ಮಂಡಿ ಎದೆಗೆ ಬರುವಂತೆ ಕುಳಿತ. ಬಾಗಿಲಿನಾಚೆಯಿಂದ ಮಗಳ ದನಿ ಸಣ್ಣಗೆ ಕೇಳಿಸುತ್ತಿತ್ತು, ಏರುತ್ತ, ಇಳಿಯುತ್ತ, ನಿಲ್ಲದೆ. ಮಾತು ಸರಾಗವಾಗಿ ಹರಿಯುತ್ತಿದೆ. ಅವನ ಮಾತು ಯಾವತ್ತೂ ಹಾಗೆ ಹರಿದದ್ದಿಲ್ಲ. ಎಂಟನೇ ತರಗತಿಗೆ ಬಂದರೂ ಇಂಗ್ಲಿಷ್ ಪುಸ್ತಕ ಅವನಿಗೆ ಓದಲು ಬರುತ್ತಿರಲಿಲ್ಲ. ಅಕ್ಷರಗಳು ಇರುವೆಗಳ ಹಾಗೆ ಕದಲುತ್ತಿದ್ದವು. ಪಕ್ಕದ ಹುಡುಗ ಓದುವುದನ್ನು ಕೇಳಿ ಕೇಳಿ ಪಾಠವನ್ನು ಕಿವಿಯಲ್ಲೇ ತುಂಬಿಸಿಕೊಂಡು, ತನ್ನ ಸರದಿ ಬಂದಾಗ ಪುಸ್ತಕದ ಮೇಲೆ ಬೆರಳು ಓಡಿಸುತ್ತಾ ಗಡಗಡ ಒಪ್ಪಿಸುತ್ತಿದ್ದ. ಬೆರಳು ಒಂದು ಕಡೆ, ಬಾಯಿ ಒಂದು ಕಡೆ. ಇಂಗ್ಲಿಷ್ ಮೇಷ್ಟ್ರು ಕಣ್ಣು ಅರ್ಧ ಮುಚ್ಚಿ, ನಿಧಾನವಾಗಿ, ಮೇಲಕ್ಕೂ ಕೆಳಕ್ಕೂ ತಲೆಯಾಡಿಸುತ್ತಿದ್ದರು. ಮೂರು ವರ್ಷ ತಲೆಯಾಡಿಸಿದರು. ಒಂದು ದಿನ ಇನ್ಸ್‌ಪೆಕ್ಟರು ಬಂದ. ಹುಡುಗ ಒಪ್ಪಿಸುತ್ತಿದ್ದದ್ದನ್ನು ಎರಡು ಸಾಲು ಕೇಳಿ, ಏನೂ ಮಾತಾಡದೆ, ಕೈಚಾಚಿ ಪುಸ್ತಕದ ಪುಟ ತಿರುವಿದ. ಅಷ್ಟೇ. ಬಾಯಿ ಅದರ ಪಾಡಿಗೆ ಹಳೆಯ ಪುಟವನ್ನೇ ಹೇಳುತ್ತಾ ಹೋಯಿತು. ಕ್ಲಾಸು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮಾರನೇ ದಿನದಿಂದ ಅವನು ಶಾಲೆಯ ಕಡೆ ತಲೆಹಾಕಲಿಲ್ಲ. ಎಷ್ಟೋ ವರ್ಷ ಆ ಇನ್ಸ್‌ಪೆಕ್ಟರನನ್ನು ಬೈದುಕೊಂಡ. ಆಮೇಲೊಂದು ದಿನ, ಯಾವುದೋ ಕಟ್ಟಡದ ಲಿಫ್ಟಿನ ಕೆಳಗಿನ ಗುಂಡಿಯೊಳಗೆ ಅಂಗಾತ ಮಲಗಿ ಗ್ರೀಸು ಹಾಕುತ್ತಿದ್ದಾಗ ಇದ್ದಕ್ಕಿದ್ದಂತೆ ನೆನಪಾಯಿತು: ಪುಟ ತಿರುವಿದಾಗ ಮೇಷ್ಟ್ರ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ. ಆ ಮನುಷ್ಯನಿಗೆ ಮೊದಲಿನಿಂದ ಗೊತ್ತಿತ್ತು. ಗೊತ್ತಿದ್ದೇ ಮೂರು ವರ್ಷ ತಲೆಯಾಡಿಸಿದ್ದ. ಒಂದು ದಿನ, ಒಂದೇ ಒಂದು ದಿನ, ಹತ್ತಿರ ಕರೆದು 'ನಿನಗೆ ಓದೋಕೆ ಬರಲ್ಲ ಕಣೋ, ಬಾ ಇಲ್ಲಿ' ಎಂದಿದ್ದರೆ! ಆ ಮೇಷ್ಟ್ರು ಈಗ ಎದುರು ಸಿಕ್ಕರೆ ಮುದುಕನೆಂದೂ ನೋಡದೆ ಕೊರಳಪಟ್ಟಿ ಹಿಡಿಯುತ್ತೇನೆ ಎಂದುಕೊಳ್ಳುತ್ತಾನೆ, ಈಗಲೂ.

ಆಫೀಸಿನ ಹೆಂಗಸು ಸ್ಟೇಪ್ಲರಿಗೆ ಪಿನ್ನು ತುಂಬಿಸುತ್ತಿದ್ದಳು. ಒಳಗಿನ ದನಿ ಇನ್ನೂ ನಿಂತಿರಲಿಲ್ಲ. ಬೆಳಗ್ಗೆ ಜಡೆ ಹಾಕುವಾಗ ಮಗಳು ಹೊಟ್ಟೆನೋವು ಎಂದಿದ್ದಳು. 'ಇವತ್ತು ಬಿಟ್ಟುಬಿಡು, ಅವಳ ಮುಖ ನೋಡು,' ಎಂದಿದ್ದಳು ಹೆಂಡತಿ. 'ಆರು ಸಲ ಫೋನ್ ಮಾಡಿದೀನಿ ಕಣೇ.' 'ಮಾಡು, ಅರವತ್ತು ಸಲ ಮಾಡು. ನನಗೇನೋ ಒಂದು ಅನುಮಾನ. ಮೊನ್ನೆ ನೀರಿಗೆ ಬೇರೆ ಏನೋ ಅಂದಳು. ಮೊದಲು ಶ್ವೇ ಅಂತಿದ್ದಳಲ್ಲ?' ಅವನಿಗೆ ಸಿಟ್ಟು ನೆತ್ತಿಗೇರಿತ್ತು. 'ನಾವು ತಣ್ಣೀರು, ಬಿಸಿನೀರು ಅನ್ನಲ್ವಾ? ಅಷ್ಟು ದೊಡ್ಡ ದೇಶದಲ್ಲಿ ನೀರಿಗೆ ಒಂದೇ ಹೆಸರಿರತ್ತಾ? ನಿನಗೆ ಗೊತ್ತಿರೋದು ಇಂಚು ಟೇಪು ಒಂದೇ.' ಹೆಂಡತಿ ಬಾಚಣಿಗೆಯ ಕೂದಲು ಬಿಡಿಸತೊಡಗಿದ್ದಳು. ಮಗಳು ಕನ್ನಡಿಯೊಳಗಿಂದ ಅವನನ್ನು ನೋಡುತ್ತಿದ್ದಳು. ಯಾಕೆ ಹಾಗೆ ನೋಡಿದಳು? ಆಗ ಅದು ಅವನಿಗೆ ಹೆಮ್ಮೆಯ ಹಾಗೆ ಕಂಡಿತ್ತು, ಅಮ್ಮನಿಗೆ ಅಪ್ಪ ಹೇಗೆ ಉತ್ತರ ಕೊಟ್ಟ ನೋಡು ಎನ್ನುವ ಹಾಗೆ.

ಬಾಗಿಲು ತೆರೆಯಿತು. ಟೀಚರು ಒಬ್ಬರೇ ಬಂದರು, ಗೆರೆ ದಾಟಿ ಈಚೆ ಬಂದು, ಇನ್ನೊಂದು ಪುಟ್ಟ ಕುರ್ಚಿ ಎಳೆದುಕೊಂಡು ಅವನ ಎದುರಿಗೇ ಕುಳಿತರು. ಆ ಕುರ್ಚಿ ಎಳೆದ ರೀತಿಯಲ್ಲೇ ಅವನಿಗೆ ಅರ್ಧ ಗೊತ್ತಾಯಿತು. ಒಳ್ಳೆಯ ಸುದ್ದಿಯನ್ನು ಜನ ನಿಂತುಕೊಂಡೇ ಹೇಳುತ್ತಾರೆ. 'ಮಗು ಒಳಗೆ ಚಿತ್ರ ಬರೀತಾ ಇದೆ,' ಎಂದರು. ಪುಸ್ತಕವನ್ನು ಮೊಣಕಾಲ ಮೇಲೆ ಬಿಡಿಸಿದರು. ಒಂದೊಂದು ಸಾಲಿನ ಪಕ್ಕವೂ ಪೆನ್ಸಿಲಿನಲ್ಲಿ ಸಣ್ಣ ಸರಿ ಗುರುತು. ಕಿಟಕಿ, ಸರಿ. ಚಪ್ಪಲಿ, ಸರಿ. ಮಳೆ, ಸರಿ. ಪುಟದ ಮೇಲೆ ಪುಟ. ಅವನು ಕನ್ನಡದಲ್ಲಿ ಕೆತ್ತಿದಂತೆ ಬರೆದಿದ್ದ ಮಾತುಗಳಿಗೆ ಅವನ ಜೀವಮಾನದಲ್ಲಿ ಮೊದಲ ಸಲ ಒಬ್ಬರು ಟೀಚರು ಸರಿ ಹಾಕಿದ್ದರು. 'ನೀವು ತುಂಬ ಶ್ರದ್ಧೆಯಿಂದ ಬರೆದಿದೀರಿ ಸಾರ್. ತಾರೀಖು ಹಾಕಿರೋದಂತೂ...' ಎಂದರು ಟೀಚರು. ಆಮೇಲೆ ಒಂದು ಪುಟ ತಿರುವಿದರು.

ಆ ಪುಟದ ನಡುವಿನಿಂದ ಸರಿ ಗುರುತುಗಳು ಇರಲಿಲ್ಲ. ತಪ್ಪು ಗುರುತೂ ಇರಲಿಲ್ಲ, ಏನೂ ಇರಲಿಲ್ಲ. 'ಇಲ್ಲೀತನಕ ಸರಿಯಾಗಿದೆ,' ಎಂದರು ಟೀಚರು, ಬೆರಳನ್ನು ತಾರೀಖಿನ ಕಾಲಂ ಮೇಲಿಟ್ಟು. 'ಇದಾದ ಮೇಲೆ ಒಂದೆರಡು ವಾರ ಅಲ್ಲೊಂದು ಇಲ್ಲೊಂದು ಸರಿ ಇದೆ. ಆಮೇಲಿಂದು...' 'ಆಮೇಲಿಂದು?' 'ಅದು ಚೀನೀ ಭಾಷೆ ಅಲ್ಲ ಸಾರ್.' 'ಮತ್ತೆ?' ಟೀಚರು ಸ್ವೆಟರಿನ ತೋಳು ಎಳೆದುಕೊಂಡರು. 'ಯಾವ ಭಾಷೆನೂ ಅಲ್ಲ.' ಅವನು ತಾರೀಖು ಓದಿದ. ಅದು ಅವನ ಕೈ ಮ್ಯಾನೇಜರನ ಕೆನ್ನೆಗೆ ಬಿದ್ದ ದಿನದಿಂದ ಎಂಟನೇ ದಿನ. ಲಿಫ್ಟು ಯಾವತ್ತಿನಿಂದ ಕೆಟ್ಟಿತ್ತು ಎಂದು ಪುಸ್ತಕ ಹೇಳುತ್ತಿತ್ತು, ಅವನದೇ ಕೈಬರಹದಲ್ಲಿ. 'ಅಲ್ಲಾ ಮೇಡಂ,' ಎಂದ, 'ನಮ್ಮಲ್ಲೂ ಒಂದೊಂದು ಕಡೆ ಒಂದೊಂದು ಥರ ಅನ್ನಲ್ವಾ? ಅಲ್ಲಿ ಬೇರೆ ಯಾವುದೋ ಕಡೇದು ಇರಬಹುದಲ್ಲ?' ಕೇಳುತ್ತಿರುವಾಗಲೇ ಇದು ಬೆಳಗ್ಗೆ ಹೆಂಡತಿಗೆ ಹೇಳಿದ್ದೇ ಎಂದು ಗೊತ್ತಾಯಿತು. ಟೀಚರು ಇಲ್ಲವೆಂದು ಹೇಳಲಿಲ್ಲ. 'ನೀರಿಗೆ ನಾಲ್ಕು ಥರ ಇದೆ ಇದರಲ್ಲಿ,' ಎಂದಷ್ಟೇ ಹೇಳಿದರು. 'ಇಪ್ಪತ್ತು ನಿಮಿಷ ಮಾತಾಡಿದಳು, ಒಂದ್ಸಲನೂ ತಡವರಿಸಲಿಲ್ಲ. ನಾನೇನು ಕೇಳಿದ್ರೂ ಉತ್ತರ ಕೊಟ್ಟಳು. ರಾಗ ಅಷ್ಟೂ ಸರಿಯಾಗಿದೆ. ಗೋಡೆ ಆಚೆಯಿಂದ ಕೇಳಿದ್ರೆ ಯಾರಾದ್ರೂ ಮೋಸಹೋಗ್ತಾರೆ. ಆದ್ರೆ ಒಳಗೆ ಮಾತಿಲ್ಲ. ಮಕ್ಕಳು ಬೇಗ ಮರೀತಾರೆ ಸಾರ್, ಕೇಳೋ ಕಿವಿ ಇಲ್ಲದಿದ್ರೆ. ಮರೆತಿದ್ದು ತಪ್ಪಲ್ಲ. ಆದ್ರೆ ಅವಳು ಯಾಕೆ ಮಾತು ನಿಲ್ಲಿಸಲಿಲ್ಲ ಅಂತ ನನಗೆ ಅರ್ಥ ಆಗಲಿಲ್ಲ.'

ಅವನಿಗೆ ಅರ್ಥವಾಗಿತ್ತು. ಇನ್ನೂರ ಎಪ್ಪತ್ತು ಸಂಜೆ. ಹೊಸ ಊರಿನ ಬಾಡಿಗೆ ಮನೆಯಲ್ಲಿ, ಹೊಸ ಕಂಪನಿಯವರ ಬಾಯಿಂದ ಏನೇನೋ ಅನ್ನಿಸಿಕೊಂಡು, ಹಲ್ಲು ಕಚ್ಚಿಕೊಂಡು ಬಂದು, ಕೈಕಾಲು ತೊಳೆದು, ತಾರೀಖು ಬರೆದು ತಲೆಯೆತ್ತುತ್ತಿದ್ದ. ಇವತ್ತು ಹೊಸದೇನು ಮರೀ? ಅವಳು ಸುತ್ತ ನೋಡುತ್ತಿದ್ದಳು. ಬಕೆಟ್ಟು. ಬೀಗ. ಅಮ್ಮನ ಕತ್ತರಿ. ಒಂದು ಕ್ಷಣ ಅವನ ಮುಖ ನೋಡಿ ಏನೋ ಒಂದು ಹೇಳುತ್ತಿದ್ದಳು. ಅವನ ಮುಖ ಅರಳುತ್ತಿತ್ತು. ಮನೆಯಲ್ಲಿ ಅದು ಅರಳುತ್ತಿದ್ದದ್ದು ಅದೊಂದೇ ಹೊತ್ತು. ಅಂಗೈ ಜುಮ್ಮೆಂದಿತು, ಅವತ್ತು ಲಿಫ್ಟಿನಲ್ಲಿ ಆದ ಹಾಗೆಯೇ. ಆದರೆ ಹೊಡೆಯಲು ಇಲ್ಲಿ ಯಾರ ಕೆನ್ನೆಯೂ ಇರಲಿಲ್ಲ. ಬೂದು ಸ್ವೆಟರಿನ ಈ ಸಣ್ಣ ಹೆಂಗಸು ಮೆಲ್ಲಗೆ ಮಾತಾಡುತ್ತಿದ್ದಳು, ಅದೇ ತಡೆಯಲಾಗುತ್ತಿರಲಿಲ್ಲ. 'ಕೆಳಗಿನ ಕ್ಲಾಸಿಗೆ ಹಾಕ್ಕೊಳ್ಳಿ ಮೇಡಂ, ಮೊದಲಿಂದ ಕಲೀತಾಳೆ,' ಎಂದ. ಟೀಚರು ಆಫೀಸಿನ ಹೆಂಗಸಿನ ಕಡೆ ನೋಡಿದರು. 'ಮೊದಲಿಂದ ಅಂದ್ರೆ ನಾಲ್ಕು ವರ್ಷದೋರು. ಐದು ದಾಟಿದ್ರೆ ತಗೊಳಲ್ಲ ಸಾರ್,' ಎಂದಳು ಅವಳು, ಸ್ಟೇಪ್ಲರನ್ನು ಟಕ್ಕೆಂದು ಮುಚ್ಚಿ. ಟೀಚರು ಎದ್ದರು. 'ಅವಳಿಗೆ ಇದನ್ನ ಹೇಳೋದು ಬಿಡೋದು ನಿಮಗೆ ಬಿಟ್ಟಿದ್ದು. ಆದ್ರೆ ಹೇಳಿ. ಬೇಗ ಹೇಳಿಬಿಡಿ.'

ಮಗಳು ಚಿತ್ರದ ಹಾಳೆ ಹಿಡಿದುಕೊಂಡು ಗೆರೆಯ ತನಕ ಬಂದಳು. ಗೆರೆಯ ಮೇಲೆ ನಿಂತಳು. ಎರಡೂ ಕಾಲು ಕೆಂಪು ಪಟ್ಟಿಯ ಮೇಲೆಯೇ ಜೋಡಿಸಿ, ಆಚೆಯೂ ಅಲ್ಲ ಈಚೆಯೂ ಅಲ್ಲದ ಹಾಗೆ. ಆಮೇಲೆ ಇಳಿದಳು. 'ಮೇಡಂ ಏನಂದ್ರಪ್ಪಾ?' 'ಸೀಟು ತುಂಬಿಹೋಯ್ತಂತೆ. ನಾವು ಬರೋದು ತಡ ಆಯ್ತು.' ಮಗಳ ಹೆಗಲು ಎರಡು ಬೆರಳಷ್ಟು ಕೆಳಗಿಳಿಯಿತು. ಅದು ಬೇಸರವಲ್ಲ. ಭಾರ ಇಳಿಸಿದ ಮೇಲೆ ಲಿಫ್ಟಿನ ಹಗ್ಗ ಹಾಗೆ ಸಡಿಲವಾಗುತ್ತದೆ. ಅದು ಅವನಿಗೆ ಗೊತ್ತಿಲ್ಲದ್ದೇನಲ್ಲ. 'ಹೊಟ್ಟೆನೋವು ಹೇಗಿದೆ?' 'ಹೋಯ್ತು,' ಎಂದಳು.

ಲಿಫ್ಟಿಗೆ ಕಾಯುವಾಗ ಹೇಳಿಬಿಡಬೇಕು ಎಂದುಕೊಂಡ. ಮಾತು ಸಿದ್ಧವಾಗಿಯೇ ಇತ್ತು. ನಿನಗೆ ಮರೆತುಹೋಗಿದೆ, ನನಗೆ ಗೊತ್ತು, ಪರವಾಗಿಲ್ಲ, ಬಾ ಇಲ್ಲಿ. ಇಪ್ಪತ್ತು ವರ್ಷ ಹಿಂದೆ ತನಗೆ ಯಾರೂ ಹೇಳದ ಮಾತು ಅದು. ಅದರ ಒಂದೊಂದು ಅಕ್ಷರವೂ ಅವನಿಗೆ ಗೊತ್ತು. ಬಾಗಿಲು ತೆರೆಯಿತು, ಒಳಗೆ ಹೋದರು, ತಡವರಿಸಿ ಮುಚ್ಚಿತು. ಈಗ ಹೇಳಿದರೆ? ಅವಳ ಮುಖ ಹೇಗಾಗುತ್ತದೆ? ಆಮೇಲೆ ಸಂಜೆ ಕೈಕಾಲು ತೊಳೆದು ಬಂದು ಅವಳ ಹತ್ತಿರ ಏನು ಕೇಳುವುದು? ಅವರಿಬ್ಬರ ನಡುವೆ ಬೇರೆ ಯಾವ ಮಾತು ಇತ್ತು?

'ಬರ್ಕೊಳಲ್ವಾ ಅಪ್ಪಾ?' ಎಂದಳು ಮಗಳು. 'ಏನು?' 'ಇಳಿಯೋವಾಗ ಬರ್ಕೋತೀನಿ ಅಂದಿದ್ದೆ. ನೆನಪು ಮಾಡು ಅಂದಿದ್ದೆ.' ಅವನು ಪುಸ್ತಕ ಬಿಡಿಸಿದ. ಕೈ ತನ್ನ ಪಾಡಿಗೆ ಮೊದಲು ತಾರೀಖು ಬರೆಯಿತು. ದೂರಿನ ಕೆಳಗೆ, ಹದಿನಾರು. ಅವಳು ಅಂಕಿ ನೋಡಲಿಲ್ಲ, ಅವನನ್ನು ನೋಡಿ ಹೇಳಿದಳು. ಹದಿನಾರು ಬರುವಾಗ ಹೇಳಿದ್ದೇ. ಹದಿನೈದೂ, ಹದಿನಾಲ್ಕೂ ಹಾಗೆಯೇ. ಪಾಪ, ಉರುಹೊಡೆದಿದ್ದಳು. ಹದಿಮೂರಕ್ಕೆ 'ತೋಮು' ಎಂದಳು, ತಟ್ಟನೆ ಬಾಯಿ ಮುಚ್ಚಿಕೊಂಡಳು, ಅದು ಹನ್ನೆರಡರದ್ದು. ಕಣ್ಣು ಅಗಲವಾಯಿತು. ಪುಟ ತಿರುವಿದಾಗ ಆಗುವ ಕಣ್ಣು ಅದು. ಈಗ, ಎಂದಿತು ಒಳಗೆ ಯಾವುದೋ ದನಿ, ಈಗಲೇ. ಅವನ ಕಣ್ಣುಗಳು ಅರ್ಧ ಮುಚ್ಚಿಕೊಂಡವು. ತಲೆ ನಿಧಾನವಾಗಿ ಆಡಿತು, ಮೇಲಕ್ಕೂ ಕೆಳಕ್ಕೂ. 'ಆಮೇಲೆ?' ಎಂದ. ಅವಳು ಉಸಿರು ಬಿಟ್ಟು ಹನ್ನೆರಡಕ್ಕೆ ಮತ್ತೊಂದು ಹೊಸದನ್ನು ಹೇಳಿದಳು. ತಲೆಯಾಡಿಸಿದ, ಬರೆದ. ಹನ್ನೊಂದಕ್ಕೆ ಹೇಳಿದಳು. ತಲೆಯಾಡಿಸಿದ, ಬರೆದ. ಹತ್ತು ಬಂತು. ಇಲ್ಲಿಂದ ಮುಂದಿನವು ನಿಜವಾದವು, ಬರೆಯಬೇಕಾಗಿರಲಿಲ್ಲ. ಅವಳು ಶೃ ಎಂದಳು, ಜ್ಯೋ ಎಂದಳು, ಬಾ ಎಂದಳು. ಅದೇ ದನಿಯಲ್ಲಿ, ಅಷ್ಟೇ ಹೆದರಿಕೆಯಿಂದ, ಒಂದೊಂದಕ್ಕೂ ಅವನ ಮುಖವನ್ನೇ ನೋಡುತ್ತಾ, ತಲೆ ಆಡುವವರೆಗೂ ಕಾಯುತ್ತಾ. ಅವನು ಒಂದರವರೆಗೂ ತಲೆಯಾಡಿಸಿದ.